ಹಾಡು ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ: ಹಳೆಯ ಮ್ಯೂಸಿಕ್ ಪ್ಲೇಯರನ್ನು ಹೊಸ ಕಂಪ್ಯೂಟರ್ ಗುರುತಿಸದಿರುವುದೇಕೆ?

2025ರ ಸೆಪ್ಟೆಂಬರ್ 15ರಂದು ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳಿಗಾಗಿ ಮ್ಯಾಕ್‌ಓಎಸ್ 26 ಎಂಬ ಆಪರೇಟಿಂಗ್ ಸಿಸ್ಟಮ್ ಬಿಡುಗಡೆ ಮಾಡಿತು. ಹೊಸ ರೂಪ, ಹೊಸ ಸೌಲಭ್ಯಗಳ ಗದ್ದಲದ ನಡುವೆ ಒಂದು ಸಣ್ಣ ಸಂಗತಿ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಫೈರ್‌ವೈರ್ ಕೇಬಲ್‌ನಿಂದ ಜೋಡಿಸುವ ಸಾಧನಗಳನ್ನು ಈ ಆವೃತ್ತಿ ಗುರುತಿಸುವುದಿಲ್ಲ. ಆಪಲ್‌ನ ಮ್ಯೂಸಿಕ್ ಪ್ಲೇಯರ್ ಆದ ಐಪಾಡ್‌ನ ಮೊದಲ ಎರಡು ಪೀಳಿಗೆಗಳಿಗೆ ಕಂಪ್ಯೂಟರ್ ಜೊತೆ ಮಾತಾಡಲು ಇದ್ದ ದಾರಿ ಅದೊಂದೇ. ಒಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 14ರಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶವಿಲ್ಲದ ಕಂಪ್ಯೂಟರ್ ಇಟ್ಟುಕೊಂಡವರ ಮುಂದೆ ಹೊಸದನ್ನು ಕೊಳ್ಳುವುದು ಅಥವಾ ಇದ್ದುದರಲ್ಲೇ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವುದು ಎಂಬ ಆಯ್ಕೆಗಳು ನಿಂತವು.

ಹೀಗೆ ಕಂಪ್ಯೂಟರ್ ಬದಲಿಸುವವರು ಮೊದಲು ಎಡವುವುದು ಬಹಳ ಸಲ ತಮ್ಮ ಮ್ಯೂಸಿಕ್ ಪ್ಲೇಯರ್ ವಿಷಯದಲ್ಲೇ. ನಿನ್ನೆಯವರೆಗೆ ಚೆನ್ನಾಗಿದ್ದ ಸಾಧನ ಇಂದು ಹೊಸ ಪರದೆಯ ಮೇಲೆ ಕಾಣುವುದೇ ಇಲ್ಲ. ಕಂಡರೂ ಖಾಲಿಯಾಗಿ ಕಾಣುತ್ತದೆ. ಹಾಡು ಸೇರಿಸಿದರೆ ಸೇರಿದಂತೆ ತೋರುತ್ತದೆ, ಆದರೆ ಪ್ಲೇಯರಿನ ಪಟ್ಟಿಯಲ್ಲಿ ಬರುವುದಿಲ್ಲ. ಸಾಧನವೇ ಕೆಟ್ಟಿದೆ ಎಂದು ಎಸೆಯುವವರು ಕಡಿಮೆಯಿಲ್ಲ. ವಾಸ್ತವದಲ್ಲಿ ಈ ಮೂರೂ ಬೇರೆ ಬೇರೆ ತೊಂದರೆಗಳು, ಅವುಗಳ ಕಾರಣಗಳೂ ಬೇರೆ. ಅವನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಪ್ಲೇಯರಿನ ಆಯುಸ್ಸನ್ನು ನಿರ್ಧರಿಸುವುದು ಅದರ ಬ್ಯಾಟರಿಗಿಂತ ಹೆಚ್ಚಾಗಿ, ಅದಕ್ಕೂ ಕಂಪ್ಯೂಟರಿಗೂ ನಡುವೆ ನಿಂತಿರುವ ಮಧ್ಯವರ್ತಿ ತಂತ್ರಾಂಶ.

ಒಂದು ಕೇಬಲ್, ನಾಲ್ಕು ಒಪ್ಪಂದ

ಕೇಬಲ್ ಚುಚ್ಚಿದಾಗ ಕಂಪ್ಯೂಟರ್ ಮತ್ತು ಪ್ಲೇಯರ್ ನಡುವೆ ಒಂದರ ಮೇಲೊಂದು ನಾಲ್ಕು ಒಪ್ಪಂದಗಳು ಆಗಬೇಕು. ವಿದ್ಯುತ್ ಸಂಕೇತ ಹರಿಯುವ ದಾರಿ ಎರಡಕ್ಕೂ ಒಂದೇ ಆಗಿರಬೇಕು. ಆ ದಾರಿಯಲ್ಲಿ ಕಡತಗಳನ್ನು ಕೇಳುವ, ಕೊಡುವ ಭಾಷೆ ಎರಡಕ್ಕೂ ತಿಳಿದಿರಬೇಕು. ‘ಇಲ್ಲಿ ಇಂಥ ಹಾಡು ಇದೆ’ ಎಂಬ ಪಟ್ಟಿಯನ್ನು ಪ್ಲೇಯರ್ ಒಪ್ಪುವ ರೀತಿಯಲ್ಲಿ ಬರೆಯಲು ಕಂಪ್ಯೂಟರಿಗೆ ಬರಬೇಕು. ಕೊನೆಗೆ, ಹಾಡಿನ ಕಡತವನ್ನು ಬಿಚ್ಚಿ ನುಡಿಸಲು ಪ್ಲೇಯರಿಗೆ ಬರಬೇಕು. ಅದಕ್ಕೆ ನಕಲು ತಡೆಯುವ ಬೀಗವಿದ್ದರೆ ಕೀಲಿಯೂ ಇರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಬಳಕೆದಾರರಿಗೆ ಕಾಣುವುದು ಒಂದೇ ಫಲಿತಾಂಶ: ಹಾಡು ಬರುತ್ತಿಲ್ಲ. ಗೊಂದಲದ ಮೂಲ ಇದೇ.

ವೇಗಕ್ಕಾಗಿ ಆರಿಸಿದ ದಾರಿ

2001ರ ಅಕ್ಟೋಬರ್ 23ರಂದು ಐಪಾಡ್ ಬಂದಾಗ ಅದು ಮ್ಯಾಕ್ ಕಂಪ್ಯೂಟರಿಗೆ ಮಾತ್ರ ಹೊಂದುತ್ತಿತ್ತು. ಒಳಗೆ 5 ಜಿಬಿ ಹಾರ್ಡ್‌ಡಿಸ್ಕ್, ಹೊರಗೆ ಫೈರ್‌ವೈರ್ ಪೋರ್ಟ್. ಈ ಆಯ್ಕೆಗೆ ಗಟ್ಟಿಯಾದ ತಾಂತ್ರಿಕ ಕಾರಣವಿತ್ತು. ಆಗ ಎಲ್ಲೆಡೆ ಹರಡಿದ್ದ ಯುಎಸ್‌ಬಿ 1.1ರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 5 ಜಿಬಿ ತುಂಬಲು ಲೆಕ್ಕದ ಪ್ರಕಾರವೇ ಸುಮಾರು ಒಂದು ಗಂಟೆ ಬೇಕು, ನಿಜ ಬಳಕೆಯಲ್ಲಿ ಇನ್ನೂ ಹೆಚ್ಚು. ಫೈರ್‌ವೈರ್‌ನದು ಸೆಕೆಂಡಿಗೆ 400 ಮೆಗಾಬಿಟ್. ಸಾವಿರ ಹಾಡುಗಳನ್ನು ಹತ್ತು ನಿಮಿಷದೊಳಗೆ ತುಂಬಬಹುದು ಎಂದು ಆಪಲ್ ಹೇಳಿಕೊಂಡಿತ್ತು. ಅದಕ್ಕಿಂತ ಮೂರು ವರ್ಷ ಹಿಂದೆ, 1998ರಲ್ಲಿ ಬಂದ ಡೈಮಂಡ್ ಕಂಪನಿಯ ರಿಯೊ ಪ್ಲೇಯರಿನಲ್ಲಿ ಇದ್ದುದು ಕೇವಲ 32 ಎಂಬಿ ಜಾಗ. ಪ್ರಿಂಟರ್ ಜೋಡಿಸುವ ನಿಧಾನದ ಪೋರ್ಟ್ ಅದಕ್ಕೆ ಸಾಕಾಗಿತ್ತು. ಜಾಗ ಹಿಗ್ಗಿದಾಗ ದಾರಿಯೂ ಅಗಲವಾಗಬೇಕಾಯಿತು.

ಮುಂದೆ ವೇಗವಾದ ಯುಎಸ್‌ಬಿ 2.0 ಸಾಮಾನ್ಯವಾಯಿತು, ಫೈರ್‌ವೈರ್‌ನ ಅಗತ್ಯ ಕಡಿಮೆಯಾಯಿತು. 2003ರ ಮೂರನೆಯ ಪೀಳಿಗೆಯ ಐಪಾಡ್ ಯುಎಸ್‌ಬಿ ಮೂಲಕ ಹಾಡು ಪಡೆಯಬಲ್ಲದಾಗಿತ್ತು, ಆದರೆ ಚಾರ್ಜ್ ಆಗಲು ಫೈರ್‌ವೈರ್ ಬೇಕಿತ್ತು. 2004ರ ನಾಲ್ಕನೆಯ ಪೀಳಿಗೆಯಲ್ಲಿ ಎರಡು ಕೆಲಸಗಳೂ ಎರಡು ಕೇಬಲ್‌ಗಳಲ್ಲಿಯೂ ನಡೆದವು. 2005ರ ಐದನೆಯ ಪೀಳಿಗೆ ಫೈರ್‌ವೈರ್ ಮೂಲಕ ಹಾಡು ಪಡೆಯುವುದನ್ನೇ ನಿಲ್ಲಿಸಿತು. ಆದ್ದರಿಂದ ‘ಹೊಸ ಮ್ಯಾಕ್‌ನಲ್ಲಿ ಹಳೆಯ ಐಪಾಡ್ ನಡೆಯುವುದಿಲ್ಲ’ ಎಂಬ ಮಾತು ಅರ್ಧ ಸತ್ಯ. ಯುಎಸ್‌ಬಿ ಮೂಲಕ ಜೋಡಿಸಬಲ್ಲ ಐಪಾಡ್‌ಗಳಿಗೆ ಫೈರ್‌ವೈರ್ ಹೋದ ಸುದ್ದಿಯಿಂದ ಏನೂ ಆಗುವುದಿಲ್ಲ. ದಾರಿ ಮುಚ್ಚಿರುವುದು 2001 ಮತ್ತು 2002ರ ಮಾದರಿಗಳಿಗೆ.

ಆಪಲ್ ಯಾಕೆ ತೆಗೆದುಹಾಕಿತು? ಹಳೆಯ ಚಾಲಕ ತಂತ್ರಾಂಶವನ್ನು ಇಟ್ಟುಕೊಳ್ಳುವುದಕ್ಕೂ ಖರ್ಚಿದೆ ಎಂಬುದು ತಯಾರಕರ ಸಾಮಾನ್ಯ ವಾದ. ಫೈರ್‌ವೈರ್ ಸಾಧನಕ್ಕೆ ಕಂಪ್ಯೂಟರಿನ ಮೆಮೊರಿಯನ್ನು ನೇರವಾಗಿ ಓದಿ ಬರೆಯುವ ಅವಕಾಶವಿತ್ತು. ವೇಗಕ್ಕೆ ಕಾರಣವಾದ ಅದೇ ಗುಣ ಕಳ್ಳತನಕ್ಕೂ ಬಾಗಿಲಾಗಬಲ್ಲದು ಎಂದು ಸುರಕ್ಷತಾ ತಜ್ಞರು ಬಹಳ ಹಿಂದೆಯೇ ತೋರಿಸಿದ್ದಾರೆ. ಈ ವಾದದಲ್ಲಿ ಹುರುಳಿದೆ. ಆದರೂ ಇದನ್ನು ಯಂತ್ರಾಂಶದ ಕೊರತೆ ಎಂದು ತಪ್ಪಾಗಿ ತಿಳಿಯಬಾರದು: ಥಂಡರ್‌ಬೋಲ್ಟ್‌ನಿಂದ ಫೈರ್‌ವೈರ್‌ಗೆ ಬದಲಿಸುವ ಅಡಾಪ್ಟರ್ ಇಂದಿಗೂ ಪೋರ್ಟಿಗೆ ಕೂರುತ್ತದೆ, ಸಂಕೇತವೂ ಹರಿಯಬಲ್ಲದು, ಅದನ್ನು ಅರ್ಥ ಮಾಡಿಕೊಳ್ಳುವ ತಂತ್ರಾಂಶವನ್ನು ಮಾತ್ರ ಕೈಬಿಡಲಾಗಿದೆ. ಲಿನಕ್ಸ್‌ನಲ್ಲಿ ಆ ತಂತ್ರಾಂಶ ಇಂದಿಗೂ ಇದೆ.

ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು

ಕೇಬಲ್ ಸರಿಯಿದ್ದೂ ಪ್ಲೇಯರ್ ತೆರೆಯದಿದ್ದರೆ ಮುಂದಿನ ಅನುಮಾನ ಫೈಲ್ ಸಿಸ್ಟಮ್ ಮೇಲೆ. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂದು ಬರೆದಿಡುವ ಪದ್ಧತಿ ಅದು. 2002ರ ಜುಲೈನಲ್ಲಿ ಆಪಲ್ ಮೊದಲ ಬಾರಿಗೆ ವಿಂಡೋಸ್‌ಗೆ ಹೊಂದುವ ಐಪಾಡ್ ತಂದಿತು. ಐಪಾಡಿಗೆ ಹಾಡು ತುಂಬುವ ಆಪಲ್‌ನ ತಂತ್ರಾಂಶ ಐಟ್ಯೂನ್ಸ್ ಆಗ ವಿಂಡೋಸ್‌ನಲ್ಲಿ ಇರಲಿಲ್ಲ, ಮ್ಯೂಸಿಕ್‌ಮ್ಯಾಚ್ ಎಂಬ ಬೇರೆ ತಂತ್ರಾಂಶವನ್ನು ಬಳಸಬೇಕಿತ್ತು. ವಿಂಡೋಸ್‌ಗೆ ಐಟ್ಯೂನ್ಸ್ ಬಂದದ್ದು 2003ರ ಅಕ್ಟೋಬರ್‌ನಲ್ಲಿ. ಮ್ಯಾಕ್‌ಗಾಗಿ ಸಿದ್ಧವಾದ ಐಪಾಡ್ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿಯಲ್ಲಿತ್ತು, ವಿಂಡೋಸ್‌ಗಾಗಿ ಸಿದ್ಧವಾದದ್ದು ಫ್ಯಾಟ್32ರಲ್ಲಿ.

ಇಲ್ಲಿ ಸಮಾನತೆ ಇಲ್ಲ. ಫ್ಯಾಟ್32 ಡಿಸ್ಕನ್ನು ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರೂ ಓದುತ್ತವೆ, ಬರೆಯುತ್ತವೆ. ಎಚ್‌ಎಫ್‌ಎಸ್ ಪ್ಲಸ್ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಲಿನಕ್ಸ್ ಓದುತ್ತದೆ, ಆದರೆ ಅದರಲ್ಲಿ ಜರ್ನಲ್ ಎಂಬ ದಾಖಲೆ ವ್ಯವಸ್ಥೆ ಚಾಲೂ ಇದ್ದರೆ ಸಾಮಾನ್ಯವಾಗಿ ಬರೆಯಲು ಬಿಡುವುದಿಲ್ಲ. ಹಾಗಾಗಿ ವಿಂಡೋಸ್‌ನಿಂದ ಮ್ಯಾಕ್‌ಗೆ ಹೋದವರ ಐಪಾಡ್ ನಡೆಯುತ್ತದೆ, ಮ್ಯಾಕ್‌ನಿಂದ ವಿಂಡೋಸ್‌ಗೆ ಬಂದವರದು ನಿಲ್ಲುತ್ತದೆ. ಒಂದೇ ಮಾದರಿ, ಒಂದೇ ಕೇಬಲ್ ಇದ್ದರೂ ಇಬ್ಬರ ಅನುಭವ ತದ್ವಿರುದ್ಧವಾಗುವುದಕ್ಕೆ ಇದೇ ಕಾರಣ.

ಮೆಮೊರಿ ಕಾರ್ಡ್ ಹಾಕುವ ಇಂದಿನ ಪ್ಲೇಯರ್‌ಗಳಲ್ಲಿ ಇದೇ ಕಥೆ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಬರುತ್ತವೆ. ಅದು 2006ರಲ್ಲಿ ಮೈಕ್ರೋಸಾಫ್ಟ್ ತಂದ ಪದ್ಧತಿ. ಮ್ಯಾಕ್ 2010ರಲ್ಲಿ ಅದನ್ನು ಒಳಗೆ ಬಿಟ್ಟುಕೊಂಡಿತು. ಪೇಟೆಂಟ್ ಭಯದಿಂದ ಲಿನಕ್ಸ್‌ನ ಮೂಲ ತಂತ್ರಾಂಶಕ್ಕೆ ಅದು ಸೇರಿರಲಿಲ್ಲ. ಆ ಭಯ ಬರಿಯ ಊಹೆಯಾಗಿರಲಿಲ್ಲ; ಫ್ಯಾಟ್ ಪದ್ಧತಿಯ ಪೇಟೆಂಟ್‌ಗಳನ್ನೂ ಮುಂದಿಟ್ಟು 2009ರಲ್ಲಿ ಮೈಕ್ರೋಸಾಫ್ಟ್ ಟಾಮ್‌ಟಾಮ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಬಹಿರಂಗಪಡಿಸಿತು, ಅದೇ ನವೆಂಬರ್‌ನಲ್ಲಿ ಲಿನಕ್ಸ್ 5.4ರೊಳಗೆ ಅದು ಬಂದಿತು. ಹದಿಮೂರು ವರ್ಷಗಳ ಅಡ್ಡಿ ಕೆಲವೇ ತಿಂಗಳಲ್ಲಿ ಕರಗಿತು. ಎಂಜಿನಿಯರುಗಳಿಗೆ ಮಾಡಲು ಬರುತ್ತಿರಲಿಲ್ಲವೆಂದಲ್ಲ, ಅನುಮತಿ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಡಿಸ್ಕ್ ಆಗಿ ಬರುವುದೋ, ಮಾತುಕತೆಗೆ ಕೂರುವುದೋ?

ಯುಎಸ್‌ಬಿ ಮೂಲಕ ಸೇರುವ ಪ್ಲೇಯರ್ ತನ್ನನ್ನು ಎರಡು ಬಗೆಯಲ್ಲಿ ಪರಿಚಯಿಸಿಕೊಳ್ಳಬಹುದು. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ಇದನ್ನೇ ಇಡಬೇಕು, ಏಕೆಂದರೆ ಇಂದು ಮಾರುಕಟ್ಟೆಯಲ್ಲಿರುವ ಪ್ಲೇಯರ್‌ಗಳ ಬಹುಪಾಲು ತೊಂದರೆ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲನೆಯದು ಮಾಸ್ ಸ್ಟೋರೇಜ್. ಪ್ಲೇಯರ್ ‘ನಾನೊಂದು ಡಿಸ್ಕ್’ ಎನ್ನುತ್ತದೆ. ಪೆನ್‌ಡ್ರೈವ್ ಮಾಡುವುದೂ ಇದನ್ನೇ. ಕಂಪ್ಯೂಟರ್ ಇಡೀ ಡಿಸ್ಕಿನ ಯಜಮಾನಿಕೆ ವಹಿಸಿಕೊಂಡು ತನಗೆ ಬೇಕಾದಲ್ಲಿ ಬರೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಕ್ಕೂ ಡಿಸ್ಕ್ ಎಂದರೇನೆಂದು ಗೊತ್ತು. ಹೊಸ ತಂತ್ರಾಂಶ ಬೇಕಿಲ್ಲ. ತೊಂದರೆ ಇಷ್ಟೇ: ಒಂದು ಡಿಸ್ಕಿಗೆ ಒಂದೇ ಕಾಲಕ್ಕೆ ಇಬ್ಬರು ಯಜಮಾನರು ಇರಲಾಗದು. ಕಂಪ್ಯೂಟರ್ ಬರೆಯುತ್ತಿರುವಾಗ ಪ್ಲೇಯರ್ ತನ್ನ ಸಂಗ್ರಹವನ್ನು ಬಿಟ್ಟುಕೊಟ್ಟು ಸುಮ್ಮನಿರಬೇಕು. ಮಧ್ಯದಲ್ಲಿ ಕೇಬಲ್ ಕಿತ್ತರೆ ಡಿಸ್ಕಿನ ಲೆಕ್ಕಪತ್ರವೇ ಹಾಳಾಗಬಹುದು.

ಎರಡನೆಯದು ಎಂಟಿಪಿ, ಅಂದರೆ ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೊಕಾಲ್. ಡಿಜಿಟಲ್ ಕ್ಯಾಮೆರಾಗಳಿಗಾಗಿ ಇದ್ದ ಪಿಟಿಪಿ ಎಂಬ ಪದ್ಧತಿಯನ್ನು ವಿಸ್ತರಿಸಿ ಮೈಕ್ರೋಸಾಫ್ಟ್ ಇದನ್ನು ರೂಪಿಸಿತು. 2004ರ ವಿಂಡೋಸ್ ಮೀಡಿಯಾ ಪ್ಲೇಯರ್ 10ರ ಹೊತ್ತಿಗೆ ಬಳಕೆಗೆ ಬಂತು, 2008ರಲ್ಲಿ ಯುಎಸ್‌ಬಿ ಸಂಸ್ಥೆಯ ಅಧಿಕೃತ ಮಾನಕವೂ ಆಯಿತು. ಇಲ್ಲಿ ಕಂಪ್ಯೂಟರಿಗೆ ಡಿಸ್ಕ್ ಸಿಗುವುದಿಲ್ಲ. ಅದು ‘ಈ ಕಡತ ಕೊಡು’, ‘ಇದನ್ನು ಇಟ್ಟುಕೋ’ ಎಂದು ಕೇಳಬೇಕು, ಪ್ಲೇಯರ್ ಉತ್ತರಿಸಬೇಕು. ಸಂಗ್ರಹದ ಯಜಮಾನಿಕೆ ಪ್ಲೇಯರಿನ ಕೈಯಲ್ಲೇ ಉಳಿಯುತ್ತದೆ. ಒಳಗಿನ ಫೈಲ್ ಸಿಸ್ಟಮ್ ಯಾವುದೇ ಆಗಿರಲಿ, ಕಂಪ್ಯೂಟರಿಗೆ ಅದು ತಿಳಿಯಬೇಕಾಗಿಲ್ಲ.

ಕಾಗದದ ಮೇಲೆ ಎಂಟಿಪಿ ಹೊಂದಾಣಿಕೆಯ ಸಮಸ್ಯೆಗೆ ಒಳ್ಳೆಯ ಪರಿಹಾರ. ಹಿಂದಿನ ಭಾಗದಲ್ಲಿ ಹೇಳಿದ ಫೈಲ್ ಸಿಸ್ಟಮ್ ಜಗಳವನ್ನೇ ಅದು ಅಳಿಸಿಹಾಕುತ್ತದೆ. 2011ರಲ್ಲಿ ಆಂಡ್ರಾಯ್ಡ್ 3.0 ಎಂಟಿಪಿಗೆ ಹೊರಳಿದ್ದಕ್ಕೂ ಇದೇ ಕಾರಣ. ಒಳಗಿನ ಸಂಗ್ರಹವನ್ನು ಬಿಟ್ಟುಕೊಡದೆ ಕಂಪ್ಯೂಟರ್ ಜೊತೆ ಹಂಚಿಕೊಳ್ಳುವುದು ಸಾಧ್ಯವಾಯಿತು. ಆದರೆ ಮಾತುಕತೆಗೆ ಎರಡೂ ಕಡೆಯವರಿಗೆ ಭಾಷೆ ಬರಬೇಕಲ್ಲವೇ? ಮ್ಯಾಕ್‌ಓಎಸ್ ಎಂಟಿಪಿಯನ್ನು ತನ್ನೊಳಗೆ ಎಂದೂ ಸೇರಿಸಿಕೊಳ್ಳಲಿಲ್ಲ. ಅದರ ಮೂಲವಾದ ಪಿಟಿಪಿ ಮ್ಯಾಕ್‌ಗೆ ಬರುತ್ತದೆ, ಆದ್ದರಿಂದ ಅದೇ ಸಾಧನದಿಂದ ಚಿತ್ರಗಳನ್ನು ತೆಗೆದುಕೊಳ್ಳಲು ಆಗುತ್ತದೆ, ಹಾಡು ಹಾಕಲು ಆಗುವುದಿಲ್ಲ. ಆಂಡ್ರಾಯ್ಡ್ ಆಧಾರಿತ ಮ್ಯೂಸಿಕ್ ಪ್ಲೇಯರ್ ಕೊಂಡ ಮ್ಯಾಕ್ ಬಳಕೆದಾರರು ಬೇರೆಯವರ ತಂತ್ರಾಂಶವನ್ನು ಹುಡುಕಿ ಹಾಕಿಕೊಳ್ಳಬೇಕಾಗಿರುವುದು ಇದರಿಂದ. ಲಿನಕ್ಸ್‌ನಲ್ಲಿ ಸ್ವಯಂಸೇವಕರು ಬರೆದ ಲಿಬ್‌ಎಂಟಿಪಿ ಈ ಕೆಲಸ ಮಾಡುತ್ತದೆ.

ವಿಂಡೋಸ್‌ನಲ್ಲೂ ಒಂದು ಅಪವಾದವಿದೆ, ಅದರ ಮೂಲ ಕಾನೂನಿನಲ್ಲಿದೆ. ತನ್ನ ಮೀಡಿಯಾ ಪ್ಲೇಯರನ್ನು ವಿಂಡೋಸ್ ಜೊತೆ ಕಟ್ಟಿ ಮಾರುವುದು ಸ್ಪರ್ಧೆಗೆ ಧಕ್ಕೆ ಎಂದು 2004ರಲ್ಲಿ ಯುರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್ ವಿರುದ್ಧ ತೀರ್ಪು ನೀಡಿತು. ಅದರ ಫಲವಾಗಿ ಹುಟ್ಟಿದ ವಿಂಡೋಸ್ ‘ಎನ್’ ಆವೃತ್ತಿಗಳಲ್ಲಿ ಮೀಡಿಯಾ ಸೌಲಭ್ಯಗಳು ಇರುವುದಿಲ್ಲ. ಅವುಗಳ ಜೊತೆಗೆ ಎಂಟಿಪಿಯೂ ಹೋಯಿತು. ಈ ಆವೃತ್ತಿ ಇರುವ ಕಂಪ್ಯೂಟರಿಗೆ ಪ್ಲೇಯರ್ ಚುಚ್ಚಿದರೆ ಏನೂ ಆಗುವುದಿಲ್ಲ. ಮೀಡಿಯಾ ಫೀಚರ್ ಪ್ಯಾಕ್ ಎಂಬ ಉಚಿತ ಪೊಟ್ಟಣ ಹಾಕಿದ ಮೇಲೆ ಸರಿಹೋಗುತ್ತದೆ. ಬಳಕೆದಾರರಿಗೆ ಹೆಚ್ಚು ಆಯ್ಕೆ ಸಿಗಲಿ ಎಂದು ಬಂದ ಆದೇಶದ ಅಂಚಿನಲ್ಲಿ ಬಳಕೆದಾರರೇ ಸಿಕ್ಕಿಕೊಂಡದ್ದು ಬೇಸರದ ಸಂಗತಿ.

ಪಟ್ಟಿ ಯಾರ ಕೈಯಲ್ಲಿದೆ?

ಐಪಾಡ್ ಡಿಸ್ಕ್ ಆಗಿಯೇ ಕಾಣುತ್ತಿತ್ತು. ಹಾಗಿದ್ದರೆ ಅದಕ್ಕೆ ಎಲ್ಲ ಕಂಪ್ಯೂಟರ್‌ಗಳಿಂದಲೂ ಹಾಡು ಹಾಕಬಹುದಿತ್ತಲ್ಲ? ಕಡತವನ್ನು ಹಾಕಬಹುದಿತ್ತು, ಆದರೆ ಅದು ನುಡಿಯುತ್ತಿರಲಿಲ್ಲ. ಐಪಾಡ್ ತನ್ನ ಫೋಲ್ಡರ್‌ಗಳಲ್ಲಿ ಹಾಡು ಹುಡುಕುವುದಿಲ್ಲ. ಐಟ್ಯೂನ್ಸ್ ಬರೆದಿಟ್ಟ ಒಂದು ಪಟ್ಟಿಯನ್ನು ಮಾತ್ರ ನೋಡುತ್ತದೆ. ಹಾಡುಗಳು ಅಡಗಿಸಿಟ್ಟ ಫೋಲ್ಡರ್‌ಗಳಲ್ಲಿ ಅರ್ಥವಿಲ್ಲದ ನಾಲ್ಕಕ್ಷರದ ಹೆಸರುಗಳಲ್ಲಿ ಹಂಚಿಕೊಂಡಿರುತ್ತವೆ. ಹಾಡಿನ ಹೆಸರು, ಗಾಯಕರು, ಎಷ್ಟು ಸಲ ಕೇಳಿದ್ದು, ಯಾವ ಪ್ಲೇಲಿಸ್ಟ್ ಎಂಬುದೆಲ್ಲ ಆ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಇಲ್ಲದ ಹಾಡು ಐಪಾಡ್ ಪಾಲಿಗೆ ಇಲ್ಲವೇ ಇಲ್ಲ.

ಆಗಿನ ಸಣ್ಣ ಪ್ರೊಸೆಸರಿಗೆ ಸಾವಿರಾರು ಕಡತ ತೆರೆದು ಓದುವುದು ಭಾರವಾಗುತ್ತಿತ್ತು; ಬಲವಾದ ಕಂಪ್ಯೂಟರ್ ಮೊದಲೇ ಪಟ್ಟಿ ಮಾಡಿಕೊಟ್ಟರೆ ಪ್ಲೇಯರ್ ಥಟ್ಟನೆ ತೆರೆದುಕೊಳ್ಳುತ್ತದೆ, ಬ್ಯಾಟರಿ ಉಳಿಯುತ್ತದೆ. ಇದು ಒಳ್ಳೆಯ ವಿನ್ಯಾಸವೇ. ಆದರೆ ಲಿನಕ್ಸ್‌ಗೆ ಆಪಲ್ ಐಟ್ಯೂನ್ಸ್ ತರಲೇ ಇಲ್ಲ. ಹವ್ಯಾಸಿ ಪ್ರೋಗ್ರಾಮರ್‌ಗಳು ಪಟ್ಟಿಯ ರಚನೆಯನ್ನು ತಾವೇ ಬಿಡಿಸಿ ಕಲಿತರು. ಜಿಟಿಕೆಪಾಡ್, ಲಿಬ್‌ಜಿಪಾಡ್ ಮುಂತಾದ ಸಾಧನಗಳು ಹಾಗೆ ಬಂದವು.

2007ರ ಸೆಪ್ಟೆಂಬರ್‌ನಲ್ಲಿ ಬಂದ ಐಪಾಡ್ ಕ್ಲಾಸಿಕ್ ಮತ್ತು ಹೊಸ ನ್ಯಾನೋದಲ್ಲಿ ಪಟ್ಟಿಗೆ ಒಂದು ಮುದ್ರೆ ಸೇರಿತು. ಪಟ್ಟಿಯ ವಿಷಯ ಮತ್ತು ಆ ಸಾಧನದ ಗುರುತು ಸೇರಿಸಿ ಲೆಕ್ಕ ಹಾಕಿದ ಸಂಖ್ಯೆ ಅದು. ಸಂಖ್ಯೆ ತಪ್ಪಿದ್ದರೆ ಐಪಾಡ್ ಪಟ್ಟಿಯನ್ನೇ ತಳ್ಳಿಹಾಕಿ ಹಾಡುಗಳಿಲ್ಲ ಎಂದು ತೋರಿಸುತ್ತಿತ್ತು. ಕೆಲವೇ ದಿನಗಳಲ್ಲಿ ಹವ್ಯಾಸಿಗಳು ಅದರ ಲೆಕ್ಕವನ್ನೂ ಬಿಡಿಸಿದರು. ಮುಂದಿನ ಸಾಧನಗಳಲ್ಲಿ ಮುದ್ರೆ ಬದಲಾಯಿತು. ಅದನ್ನು ಕುರಿತ ಚರ್ಚೆ ಬ್ಲೂವಿಕಿ ಎಂಬ ಸಾರ್ವಜನಿಕ ತಾಣದಲ್ಲಿ ನಡೆದಾಗ, 2008ರ ನವೆಂಬರ್‌ನಲ್ಲಿ ಆಪಲ್ ವಕೀಲರು ಆ ಪುಟಗಳನ್ನು ತೆಗೆಯುವಂತೆ ಪತ್ರ ಬರೆದರು. ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ತಾಣದ ಪರವಾಗಿ 2009ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಜುಲೈನಲ್ಲಿ ಆಪಲ್ ತನ್ನ ಆಕ್ಷೇಪವನ್ನು ಹಿಂದಕ್ಕೆ ಪಡೆಯಿತು.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇಲ್ಲಿ ನಕಲು ಹಾಡುಗಳ ಪ್ರಶ್ನೆ ಇರಲಿಲ್ಲ. ಹಣ ಕೊಟ್ಟು ಕೊಂಡ ಸಾಧನಕ್ಕೆ ತಮ್ಮದೇ ಹಾಡುಗಳನ್ನು ಬೇರೊಂದು ಕಂಪ್ಯೂಟರಿನಿಂದ ಹಾಕಿಕೊಳ್ಳುವ ಪ್ರಶ್ನೆ ಮಾತ್ರ ಇತ್ತು. ಪಟ್ಟಿ ತಾಂತ್ರಿಕ ಅಗತ್ಯವೆಂದು ಒಪ್ಪಬಹುದು. ಮುದ್ರೆಯನ್ನು ಹಾಗೆ ಒಪ್ಪುವುದು ಕಷ್ಟ, ಏಕೆಂದರೆ ಬಳಕೆದಾರರಿಗೆ ಅದರಿಂದ ಸಿಕ್ಕ ಲಾಭ ಯಾವುದೂ ಕಾಣುವುದಿಲ್ಲ.

ಬೀಗ ಹಾಕಿದ್ದು ಯಾರು?

ಆನ್‌ಲೈನ್‌ನಲ್ಲಿ ಮಾರಿದ ಹಾಡುಗಳಿಗೆ ಬೀಗ ಇರಲೇಬೇಕು ಎಂದು ಪಟ್ಟುಹಿಡಿದದ್ದು ಸಂಗೀತ ಕಂಪನಿಗಳು. ಅನುಮತಿಯಿಲ್ಲದ ಪ್ರತಿಗಳು ಹರಡುತ್ತಿದ್ದ ಕಾಲದಲ್ಲಿ ಅವರ ಆತಂಕಕ್ಕೆ ಕಾರಣವಿತ್ತು. ಆದರೆ ಬೀಗ ಮಾಡಿದ್ದು ತಂತ್ರಜ್ಞಾನ ಕಂಪನಿಗಳು, ಕೀಲಿ ಉಳಿದದ್ದೂ ಅವರ ಬಳಿಯೇ. ಆಪಲ್‌ನ ಬೀಗ ಫೇರ್‌ಪ್ಲೇ. ಮೈಕ್ರೋಸಾಫ್ಟ್ 2004ರಲ್ಲಿ ಪ್ಲೇಸ್‌ಫಾರ್‌ಶ್ಯೂರ್ ಎಂಬ ಗುರುತಿನಡಿ ಹಲವು ಕಂಪನಿಗಳ ಪ್ಲೇಯರ್‌ಗಳನ್ನು ಒಟ್ಟುಗೂಡಿಸಿತು. ಸೋನಿ ತನ್ನದೇ ಅಟ್ರಾಕ್ ಸ್ವರೂಪ, ತನ್ನದೇ ಸೋನಿಕ್‌ಸ್ಟೇಜ್ ತಂತ್ರಾಂಶ ಇಟ್ಟುಕೊಂಡಿತ್ತು.

2004ರ ಜುಲೈನಲ್ಲಿ ರಿಯಲ್‌ನೆಟ್‌ವರ್ಕ್ಸ್ ಕಂಪನಿ ಹಾರ್ಮನಿ ಎಂಬ ತಂತ್ರಾಂಶದಿಂದ ತನ್ನ ಅಂಗಡಿಯ ಹಾಡುಗಳು ಐಪಾಡ್‌ನಲ್ಲಿಯೂ ನುಡಿಯುವಂತೆ ಮಾಡಿತು. ಇದು ಹ್ಯಾಕರ್‌ಗಳ ನಡೆ ಎಂದು ಆಪಲ್ ಕಿಡಿಕಾರಿತು. ನಂತರದ ತಂತ್ರಾಂಶ ಪರಿಷ್ಕರಣೆಗಳು ಆ ದಾರಿಯನ್ನು ಮುಚ್ಚಿದವು. ಸ್ಪರ್ಧೆಯನ್ನು ಕಾನೂನುಬಾಹಿರವಾಗಿ ತಡೆಯಲಾಗಿದೆ ಎಂದು ಅಮೆರಿಕದ ಗ್ರಾಹಕರು ಹೂಡಿದ ಮೊಕದ್ದಮೆ ಸುಮಾರು ಹತ್ತು ವರ್ಷ ನಡೆಯಿತು. 2014ರ ಡಿಸೆಂಬರ್‌ನಲ್ಲಿ ಎಂಟು ಜನರ ತೀರ್ಪುಗಾರ ಮಂಡಳಿ ಐಟ್ಯೂನ್ಸ್ 7.0 ನಿಜವಾದ ಸುಧಾರಣೆಯೇ ಎಂದು ಆಪಲ್ ಪರ ನಿಂತಿತು. ಕಾನೂನಿನ ಪ್ರಕಾರ ಅಲ್ಲಿಗೆ ಪ್ರಶ್ನೆ ಮುಗಿಯಿತು. ತಯಾರಕರ ಪರ ವಾದ ಇದು: ಸಾಧನ, ತಂತ್ರಾಂಶ, ಅಂಗಡಿ ಮೂರೂ ಒಂದೇ ಕೈಯಲ್ಲಿ ಇದ್ದರೆ ಅನುಭವ ನಯವಾಗಿರುತ್ತದೆ, ಹೊರಗಿನವರ ತಂತ್ರಾಂಶದಿಂದ ಹಾಡು ಹಾಳಾದರೆ ದೂರು ಬರುವುದು ತಯಾರಕರಿಗೇ. ಐಪಾಡ್‌ನ ಯಶಸ್ಸು ಈ ವಾದಕ್ಕೆ ತಕ್ಕ ಬಲ ಕೊಡುತ್ತದೆ, ಅದನ್ನು ಅಲ್ಲಗಳೆಯಲಾಗದು.

ಆದರೆ ಕೈ ಬದಲಾದಾಗ ಏನಾಗುತ್ತದೆಂದು ಮೈಕ್ರೋಸಾಫ್ಟ್‌ನ ಉದಾಹರಣೆ ತೋರಿಸಿತು. 2006ರ ನವೆಂಬರ್‌ನಲ್ಲಿ ಬಂದ ಅದರ ಸ್ವಂತ ಪ್ಲೇಯರ್ ಝೂನ್, ಅದೇ ಕಂಪನಿಯ ಪ್ಲೇಸ್‌ಫಾರ್‌ಶ್ಯೂರ್ ಬೀಗವಿರುವ ಹಾಡುಗಳನ್ನು ನುಡಿಸುತ್ತಿರಲಿಲ್ಲ. 2008ರಲ್ಲಿ, ಮುಚ್ಚಿಹೋಗಿದ್ದ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯ ಕೀಲಿ ಕೊಡುವ ಸರ್ವರ್‌ಗಳನ್ನೂ ನಿಲ್ಲಿಸುವುದಾಗಿ ಪ್ರಕಟಣೆ ಬಂತು. ಆಗಲೇ ಅನುಮತಿ ಪಡೆದ ಕಂಪ್ಯೂಟರಿನಲ್ಲಿ ಹಾಡುಗಳು ನುಡಿಯುತ್ತವೆ, ಹೊಸ ಕಂಪ್ಯೂಟರಿಗೆ ಅಥವಾ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಹೋದರೆ ನುಡಿಯುವುದಿಲ್ಲ ಎಂಬುದು ಅದರ ಅರ್ಥವಾಗಿತ್ತು. ಗ್ರಾಹಕರ ಕೋಪದ ನಂತರ ಗಡುವನ್ನು 2011ರ ಕೊನೆಯವರೆಗೆ ಮುಂದೂಡಲಾಯಿತು. ಹಣ ಕೊಟ್ಟು ಕೊಂಡವರಿಗಷ್ಟೇ ಈ ಶಿಕ್ಷೆ. ಸಿಡಿಯಿಂದ ಎಂಪಿ3 ಮಾಡಿಕೊಂಡವರಿಗೆ ಯಾವ ತೊಂದರೆಯೂ ಆಗಲಿಲ್ಲ. ಆಪಲ್ 2009ರ ಜನವರಿಯಲ್ಲಿ ತನ್ನ ಅಂಗಡಿಯ ಸಂಗೀತದಿಂದ ಬೀಗವನ್ನು ಪೂರ್ತಿಯಾಗಿ ತೆಗೆಯುವುದಾಗಿ ಘೋಷಿಸಿತು.

ಬೀಗ ಹೋದ ಮೇಲೂ ಬಾಗಿಲ ಬಳಿಯ ಜಗಳ ನಿಲ್ಲಲಿಲ್ಲ. 2009ರ ಜೂನ್‌ನಲ್ಲಿ ಬಂದ ಪಾಮ್ ಪ್ರೀ ಫೋನ್ ತಾನು ಐಪಾಡ್ ಎಂದು ಹೇಳಿಕೊಂಡು ಐಟ್ಯೂನ್ಸ್ ಒಳಗೆ ಪ್ರವೇಶಿಸುತ್ತಿತ್ತು. ಜುಲೈನಲ್ಲಿ ಆಪಲ್ ಅದನ್ನು ತಡೆಯಿತು. ಪಾಮ್ ಮತ್ತೆ ದಾರಿ ಮಾಡಿಕೊಂಡಿತು, ಈ ಸಲ ಆಪಲ್‌ನ ಯುಎಸ್‌ಬಿ ಗುರುತಿನ ಸಂಖ್ಯೆಯನ್ನೇ ಬಳಸಿ. ಪಾಮ್ ಯುಎಸ್‌ಬಿ ಮಾನಕ ಸಂಸ್ಥೆಗೆ ದೂರು ಕೊಟ್ಟಾಗ, ಇನ್ನೊಬ್ಬರ ಗುರುತು ಬಳಸುವುದೇ ನಿಯಮದ ಉಲ್ಲಂಘನೆ ಎಂದು ಸಂಸ್ಥೆ ಪಾಮ್‌ಗೇ ಎಚ್ಚರಿಕೆ ನೀಡಿತು. ನಿಯಮದ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ. ಆದರೆ ಬಳಕೆದಾರರ ಹಾಡಿನ ಸಂಗ್ರಹಕ್ಕೆ ಪ್ರವೇಶ ಕೇಳಲು ವೇಷ ಹಾಕಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆಯನ್ನು ಯಾರೂ ಉತ್ತರಿಸಲಿಲ್ಲ.

ಹೆಸರು ಒಡೆಯುವ ತೊಂದರೆ

ಕನ್ನಡದಲ್ಲಿ ಹಾಡಿನ ಹೆಸರು ಬರೆದಿಟ್ಟುಕೊಳ್ಳುವವರಿಗೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ‘ಕೋಗಿಲೆ’ ಎಂಬ ಪದದ ‘ೋ’ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ‘ೆ’, ‘ೂ’ ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕೂಡಿದ ರೂಪ ಉಳಿಯುತ್ತದೆ; ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡುತ್ತದೆ. ಪ್ಲೇಲಿಸ್ಟ್‌ನಲ್ಲಿ ಒಂದು ರೂಪ, ಕಡತದ ಹೆಸರಿನಲ್ಲಿ ಇನ್ನೊಂದು ರೂಪ ಇದ್ದರೆ ಅಕ್ಷರ ಅಕ್ಷರ ಹೋಲಿಸುವ ಸರಳ ಪ್ಲೇಯರ್ ಹಾಡು ಸಿಗಲಿಲ್ಲ ಎನ್ನುತ್ತದೆ.

ಪ್ಲೇಲಿಸ್ಟ್ ಕಡತಗಳಲ್ಲಿ ಫೋಲ್ಡರ್‌ಗಳನ್ನು ಬೇರ್ಪಡಿಸುವ ಗೆರೆ ವಿಂಡೋಸ್‌ನಲ್ಲಿ ಒಂದು ಕಡೆಗೆ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಇನ್ನೊಂದು ಕಡೆಗೆ ವಾಲಿರುತ್ತದೆ. ಅದರಿಂದಲೂ ಪಟ್ಟಿ ಖಾಲಿಯಾಗಬಹುದು. ಮ್ಯಾಕ್‌ನಿಂದ ಫ್ಯಾಟ್32 ಕಾರ್ಡಿಗೆ ಹಾಡು ಹಾಕಿದಾಗ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಸಣ್ಣ ಕಡತಗಳೂ ಸೇರಿಕೊಳ್ಳುತ್ತವೆ. ಪ್ರತಿ ಹಾಡಿನ ಜೊತೆ ನುಡಿಯದ ಇನ್ನೊಂದು ‘ಹಾಡು’ ಕಂಡರೆ ಅದು ಕಾರ್ಡಿನ ದೋಷವಲ್ಲ. ಆ ಕಡತಗಳನ್ನು ಅಳಿಸಿದರೆ ಹಾಡಿಗೆ ಏನೂ ಆಗುವುದಿಲ್ಲ.

ಪಿನ್ ಒಂದಾಯಿತು, ಭಾಷೆ ಒಂದಾಗಲಿಲ್ಲ

ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಫೋನ್, ಟ್ಯಾಬ್ಲೆಟ್, ಹೆಡ್‌ಫೋನ್ ಮುಂತಾದ ಸಾಧನಗಳಿಗೆ ಯುಎಸ್‌ಬಿ-ಸಿ ಕಡ್ಡಾಯವಾಗಿದೆ. ಹೊಸ ಮ್ಯೂಸಿಕ್ ಪ್ಲೇಯರ್‌ಗಳೂ ಬಹುತೇಕ ಅದನ್ನೇ ಬಳಸುತ್ತಿವೆ. ಇನ್ನು ಹೊಂದಾಣಿಕೆಯ ಚಿಂತೆ ಮುಗಿಯಿತು ಎಂಬ ತಪ್ಪು ನಂಬಿಕೆ ಇದರಿಂದ ಹರಡಿದೆ. ನಿಯಮ ಮುಖ್ಯವಾಗಿ ಚಾರ್ಜ್ ಮಾಡುವ ಪಿನ್‌ಗೆ ಸಂಬಂಧಿಸಿದ್ದು. ಅದೇ ಪಿನ್ ಹಿಂದೆ ಮಾಸ್ ಸ್ಟೋರೇಜ್ ಇದೆಯೋ ಎಂಟಿಪಿ ಇದೆಯೋ ಎಂಬುದನ್ನು ಅದು ಮುಟ್ಟುವುದಿಲ್ಲ. ನಾಲ್ಕು ಒಪ್ಪಂದಗಳಲ್ಲಿ ಒಂದನ್ನು ಮಾತ್ರ ಕಾನೂನು ಬಗೆಹರಿಸಿದೆ.

ಮುಂದೆ ಏನಾಗಬಹುದು?

ಹಾಡಿನ ಸ್ವರೂಪದ ಜಗಳ ಹೆಚ್ಚು ಕಡಿಮೆ ತಣ್ಣಗಾಗಿದೆ. ಎಂಪಿ3 ಪರವಾನಗಿ ಕಾರ್ಯಕ್ರಮವನ್ನು ಅದರ ಮುಖ್ಯ ಪೇಟೆಂಟ್‌ದಾರರಾದ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ಕೊನೆಗೊಳಿಸಿತು. ಆಪಲ್ ತನ್ನ ಲಾಸ್‌ಲೆಸ್ (ಗುಣಮಟ್ಟ ಕುಂದದ) ಸ್ವರೂಪವನ್ನು 2011ರಲ್ಲೇ ಮುಕ್ತಗೊಳಿಸಿದೆ. ಅದೇ ಬಗೆಯ ಫ್ಲ್ಯಾಕ್ ಸ್ವರೂಪ 2024ರಲ್ಲಿ ಅಂತರರಾಷ್ಟ್ರೀಯ ಇಂಟರ್‌ನೆಟ್ ಮಾನಕಗಳ ಸಾಲಿಗೆ ಸೇರಿತು. ಬೀಗವಿಲ್ಲದ ಎಂಪಿ3 ಅಥವಾ ಫ್ಲ್ಯಾಕ್ ಕಡತ ಇಟ್ಟುಕೊಂಡವರು ಸುರಕ್ಷಿತರು. ಸ್ಟ್ರೀಮಿಂಗ್ ಸೇವೆಗಳಿಂದ ‘ಡೌನ್‌ಲೋಡ್’ ಮಾಡಿಕೊಂಡ ಹಾಡುಗಳ ಮಾತು ಬೇರೆ. ಅವು ಆ್ಯಪ್‌ನೊಳಗೆ ಬೀಗದಲ್ಲೇ ಇರುತ್ತವೆ, ಪ್ಲೇಯರಿಗೆ ಕಡತವಾಗಿ ಸಾಗಿಸಲು ಬರುವುದಿಲ್ಲ. ಅದಕ್ಕಾಗಿಯೇ ಆ್ಯಪ್ ಹಾಕಿಕೊಳ್ಳಬಲ್ಲ ಆಂಡ್ರಾಯ್ಡ್ ಪ್ಲೇಯರ್‌ಗಳು ಹೆಚ್ಚುತ್ತಿವೆ. ಅವು ಹೆಚ್ಚಿದಷ್ಟೂ ಎಂಟಿಪಿ ಮತ್ತು ಮ್ಯಾಕ್ ನಡುವಿನ ಬಿರುಕು ಹೆಚ್ಚು ಜನರಿಗೆ ತಟ್ಟುತ್ತದೆ. ಸದ್ಯಕ್ಕೆ ಅದಕ್ಕೆ ಸರಳ ದಾರಿಯೆಂದರೆ ಮೆಮೊರಿ ಕಾರ್ಡನ್ನು ಹೊರತೆಗೆದು ರೀಡರ್ ಮೂಲಕ ನೇರವಾಗಿ ತುಂಬುವುದು, ಏಕೆಂದರೆ ಕಾರ್ಡ್ ಯಾವತ್ತೂ ಡಿಸ್ಕ್ ಆಗಿಯೇ ಕಾಣುತ್ತದೆ.

ಆಪಲ್ 2022ರ ಮೇ ತಿಂಗಳಲ್ಲಿ ಐಪಾಡ್ ಸರಣಿಯನ್ನು ಕೊನೆಗೊಳಿಸಿತು. ಐಟ್ಯೂನ್ಸ್ ಮ್ಯಾಕ್‌ನಿಂದ 2019ರಲ್ಲೇ ಹೋಯಿತು, ಸಾಧನಕ್ಕೆ ಹಾಡು ತುಂಬುವ ಅದರ ಕೆಲಸವನ್ನು ಮ್ಯಾಕ್‌ನಲ್ಲಿ ಕಡತಗಳನ್ನು ತೋರಿಸುವ ಫೈಂಡರ್ ವಹಿಸಿಕೊಂಡಿದೆ. ವಿಂಡೋಸ್‌ನಲ್ಲಿ ಆಪಲ್ ಡಿವೈಸಸ್ ಎಂಬ ಹೊಸ ತಂತ್ರಾಂಶ ಬಂದಿದೆ. ಇನ್ನು ಮಾರಾಟವಾಗದ ಸಾಧನಕ್ಕೆ ಈ ಸೇವೆ ಎಷ್ಟು ಕಾಲ ಮುಂದುವರಿಯುವುದೋ ಅದು ಪೂರ್ತಿಯಾಗಿ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಫೈರ್‌ವೈರ್ ಹೋದದ್ದು ಆ ಇಚ್ಛೆ ಹೇಗೆ ಕೊನೆಯಾಗುತ್ತದೆ ಎಂಬುದರ ಮಾದರಿ. ಇದಕ್ಕೆ ಪ್ರತಿಯಾಗಿ ರಾಕ್‌ಬಾಕ್ಸ್ ಎಂಬ ಸ್ವಯಂಸೇವಕರ ಯೋಜನೆ 2001ರಿಂದ ನಡೆದುಬಂದಿದೆ. ಪ್ಲೇಯರಿನ ಒಳಗಿನ ತಂತ್ರಾಂಶವನ್ನೇ ಬದಲಿಸಿ, ಫೋಲ್ಡರ್‌ನಲ್ಲಿ ಹಾಕಿದ ಹಾಡುಗಳನ್ನು ನೇರವಾಗಿ ನುಡಿಸುವಂತೆ ಅದು ಮಾಡುತ್ತದೆ. ಹಲವು ಐಪಾಡ್ ಮಾದರಿಗಳಿಗೆ ಅದು ಹೊಂದುತ್ತದೆ, ಡಿಸ್ಕ್ ಫ್ಯಾಟ್32ರಲ್ಲಿ ಇರಬೇಕು.

ಕಂಪ್ಯೂಟರ್ ಬದಲಿಸುವವರು ಹಳೆಯದನ್ನು ಅಳಿಸುವ ಮುನ್ನ ಮಾಡಬೇಕಾದ ಕೆಲಸಗಳಿವೆ, ಕ್ರಮವೂ ಮುಖ್ಯ. ಮೊದಲು ಪ್ಲೇಯರಿನಲ್ಲಿರುವ ಹಾಡುಗಳ ಪ್ರತಿಯನ್ನು ಹಳೆಯ ಕಂಪ್ಯೂಟರಿನಿಂದಲೇ ಬೇರೊಂದು ಡಿಸ್ಕಿಗೆ ತೆಗೆದಿಡಬೇಕು. ಐಪಾಡ್ ಆಗಿದ್ದರೆ ಅಡಗಿದ ಫೋಲ್ಡರ್‌ಗಳ ಜೊತೆ ಪಟ್ಟಿಯ ಕಡತವನ್ನೂ ತೆಗೆಯಬೇಕು, ಕೇಳಿದ ಲೆಕ್ಕವೂ ಪ್ಲೇಲಿಸ್ಟ್‌ಗಳೂ ಇರುವುದು ಅದರಲ್ಲಿ. ಮ್ಯಾಕ್ ಪದ್ಧತಿಯಲ್ಲಿರುವ ಐಪಾಡನ್ನು ವಿಂಡೋಸ್‌ನಲ್ಲಿ ರಿಸ್ಟೋರ್ ಮಾಡಿದರೆ ಅದು ಫ್ಯಾಟ್32ಕ್ಕೆ ಬದಲಾಗಿ ಮೂರೂ ಕಡೆ ತೆರೆದುಕೊಳ್ಳುತ್ತದೆ, ಆದರೆ ಆ ಕ್ಷಣದಲ್ಲಿ ಒಳಗಿನ ಹಾಡುಗಳೆಲ್ಲ ಅಳಿಸಿಹೋಗುತ್ತವೆ. ಫೈರ್‌ವೈರ್ ಮಾತ್ರ ಇರುವ ಐಪಾಡ್ ಉಳ್ಳವರು ಮ್ಯಾಕನ್ನು 26ಕ್ಕೆ ಏರಿಸುವ ಮೊದಲೇ ಈ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಏರಿಸಿದ ನಂತರ ಆ ಹಾಡುಗಳನ್ನು ಹೊರತರಲು ಹಳೆಯ ಮ್ಯಾಕ್ ಅಥವಾ ಫೈರ್‌ವೈರ್ ಕಾರ್ಡ್ ಇರುವ ಲಿನಕ್ಸ್ ಕಂಪ್ಯೂಟರನ್ನು ಹುಡುಕಬೇಕಾಗುತ್ತದೆ.